ಬೇಟೆಗೆ ಬೂಟು

ಕಾಡುಕೋಣಗಳು ನನ್ನ ಹೆಸರು ಹೇಳಿ ಕರುಗಳನ್ನು ಹೆದರಿಸಿ ಮಲಗಿಸುತ್ತಿದ್ದ ಕಾಲ ಅದು. ಅಂಥ ನಾನು, ಬೆಟ್ಟದಾಚೆಯ ಬೇಟೆಗೆಂದು ಬೂಟು ಕೊಳ್ಳಲು ಹಳೇ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯವನು ಊಟಕ್ಕೆ ಹೋಗಿದ್ದ. ಬೂಟುಗಳೇ ವ್ಯಾಪಾರಕ್ಕೆ ನಿಂತವು.

"ನಮ್ಮನ್ನೇ ಒಯ್ಯಿರಿ, ಯಜಮಾನರೇ," ಎಂದಿತು ಮಿರಮಿರ ಮಿಂಚುವ ಜೋಡಿ. "ಮುಳ್ಳು ಚುಚ್ಚದು, ನೀರು ಇಳಿಯದು. ಪಕ್ಕದ ಈ ಹರಕಲನ್ನು ಮಾತ್ರ ನಂಬಬೇಡಿ."

"ಎಲ್ರೋ ನಿಮ್ಮ ಹಳೇ ಯಜಮಾನ?"

"ಕೋಣದ ಬೆನ್ನುಹತ್ತಿ ಹೋದರು. ಆಮೇಲೆ ಕಾಡಲ್ಲಿ ಸಿಕ್ಕಿದ್ದು ನಾವಷ್ಟೇ. ನೋಡಿ, ನಮಗೊಂದು ಗೀರೂ ಬಿದ್ದಿಲ್ಲ!"

ಒಳಗೆ ಕೈ ಹಾಕಿದೆ. ಯಾರೋ ಈಗಷ್ಟೇ ಕಾಲು ತೆಗೆದಂತೆ ಬೆಚ್ಚಗಿತ್ತು. ಹೆದರಿಕೆ ಎಂದರೇನೆಂದು ನನಗೆ ಗೊತ್ತಿಲ್ಲ; ಕೈ ಮಾತ್ರ ತಾನಾಗಿಯೇ ಹೊರಗೆ ಬಂತು.

"ನಿಮ್ಮ ಯಜಮಾನ?" ಎಂದು ಹರಕಲು ಜೋಡಿಯನ್ನು ಕೇಳಿದೆ.

"ಬೇಟೆಯಾಡಿ ಆಡಿ ಮುದುಕರಾಗಿ, ಮನೆಯ ಮಂಚದ ಮೇಲೆ ತೀರಿಕೊಂಡರು."

ಅದನ್ನೇ ಮೆಟ್ಟಿಕೊಂಡು ಬೆಟ್ಟದ ಕಡೆ ತಿರುಗಿದೆ. ಕಾಲು ಕದಲಲಿಲ್ಲ.

"ಮೊದಲು ನಿಮ್ಮ ಮನೆಯ ದಾರಿ ತೋರಿಸಿ," ಎಂದಿತು ಬೂಟು. "ಅದನ್ನು ಕಲಿತ ಮೇಲೆ ಕಾಡಿಗೆ ಹೋಗೋಣ."