ಮಂಜಿನಲ್ಲಿ ಬಿಗಿದ ಹಗ್ಗ

ಹೊಳೆದಂಡೆಯ ಆ ಆಶ್ರಮದಲ್ಲಿ ಜಪಕ್ಕಿಂತ ಹಗ್ಗವೇ ಹೆಚ್ಚು. ಪುಂಡಿನಾರು ಹೊಸೆಯುತ್ತಲೇ ಪಾಠ ಕೇಳಬೇಕು. ಗುರು ಅಡವಯ್ಯಜ್ಜನಿಗೆ ಎಪ್ಪತ್ತೆಂಟು. ಶಿಷ್ಯ ನೀಲಪ್ಪನೂ ಎಳೆಯನಲ್ಲ, ಐವತ್ತು ದಾಟಿದವನು.

ಆ ವರ್ಷ ಪುಷ್ಯಮಾಸದ ಚಳಿ, ಮೇಲೆ ಹೊಳೆಯ ಮಂಜು. ನೀಲಪ್ಪನ ಬೆರಳ ಗಂಟುಗಳು ಊದಿಕೊಂಡವು. ಮೊಣಕಾಲು ಮಡಚಿದರೆ ಬಿಚ್ಚಲೊಲ್ಲದು. ಅವನು ಯಾರಿಗೂ ಹೇಳಲಿಲ್ಲ.

ಹೊಸೆಯಲಾಗದವನನ್ನು ಇಟ್ಟುಕೊಂಡು ಗುರುಗಳು ಏನು ಮಾಡಿಯಾರು ಎಂಬ ಹೆದರಿಕೆ ಅವನಿಗೆ. ಹನ್ನೆರಡು ವರ್ಷದಿಂದ ಇದೇ ಅವನ ಮನೆ.

ಹೊಸ ಹಗ್ಗವನ್ನು ಎರಡು ಗೂಟಗಳ ನಡುವೆ ಎಳೆದು ಕಟ್ಟಿ ಹದಕ್ಕೆ ಬಿಡುವುದು ಅಲ್ಲಿಯ ಪದ್ಧತಿ. ಮಂಜಿನ ಕಾಲದಲ್ಲಿ ಮಾತ್ರ ಸಂಜೆಯಾದ ಕೂಡಲೇ ಗಂಟು ಬಿಚ್ಚಿ ಸಡಿಲ ಮಾಡಬೇಕು. ತೇವ ಕುಡಿದ ನಾರು ತಾನಾಗಿಯೇ ಬಿಗಿಯುತ್ತದೆ.

ಒಂದು ಸಂಜೆ ದೋಣಿಗೆಂದು ಹೊಸೆದ ಹಗ್ಗ ಗೂಟದಲ್ಲಿತ್ತು. ನೀಲಪ್ಪ ಗಂಟಿಗೆ ಕೈ ಹಾಕಿದ. ಬೆರಳು ಮಾತು ಕೇಳಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದ, ಅದೂ ಆಗಲಿಲ್ಲ. ಯಾರನ್ನಾದರೂ ಕರೆದರೆ ಗುಟ್ಟು ರಟ್ಟಾಗುತ್ತದೆ. ಒಂದು ರಾತ್ರಿಗೆ ಏನಾದೀತು ಎಂದುಕೊಂಡು ಒಳಗೆ ಹೋದ.

ಬೆಳಿಗ್ಗೆ ನೋಡಿದರೆ ಗೂಟ ಕಿತ್ತು ಬಿದ್ದಿತ್ತು. ಹಗ್ಗದ ಒಂದು ಎಳೆ ಹರಿದಿತ್ತು. ಹದಿನೈದು ದಿನದ ಕೆಲಸ ಹಾಳಾಗಿತ್ತು.

“ಸಡ್ಲ ಮಾಡಿರಲಿಲ್ಲೇನೋ ತಮ್ಮಾ?” ಅಜ್ಜ ಕೇಳಿದರು.

“ಮರ್ತೆ ರೀ ಅಜ್ಜಾರ.”

ಅಜ್ಜ ಗಂಟನ್ನು ಕೈಗೆತ್ತಿಕೊಂಡರು. ನಾರಿನ ಮೇಲೆ ಹಲ್ಲಿನ ಗುರುತು ಹಾಗೇ ಇತ್ತು.

“ಮರ್ತಾವ ಗಂಟು ಕಚ್ಚತಾನೇನು?”

ನೀಲಪ್ಪನಿಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಬೆರಳು, ಮೊಣಕಾಲು, ಹೆದರಿಕೆ ಎಲ್ಲವನ್ನೂ ಹೇಳಿಬಿಟ್ಟ. ಹೇಳುತ್ತ ಹೇಳುತ್ತ ಕಣ್ಣು ತುಂಬಿ ಬಂತು.

“ಬೇಕಾದಷ್ಟು ಬೈಯ್ರಿ. ಆದ್ರ ಕಳಿಸಬ್ಯಾಡ್ರಿ.”

ಅಜ್ಜ ಬೈಯಲಿಲ್ಲ. ಕಿತ್ತ ಗೂಟವನ್ನು ಗೋಡೆಗೆ ಒರಗಿಸಿದರು.

“ನೀವು ನನಗಿಂತ ಇಪ್ಪತ್ತೈದು ವರ್ಷ ಹಿರಿಯರು,” ಎಂದ ನೀಲಪ್ಪ. “ಇದ ಹೊಳಿ, ಇದ ಮಂಜು. ಆದ್ರೂ ದಿನಾ ನಮಗಿಂತ ಮೊದ್ಲ ಹೊಸ್ಯಾಕ ಕೂಡತೀರಿ. ನಿಮ್ಮ ಹಂತ್ಯಾಕ ಯಾವುದೋ ಮಂತ್ರ ಐತಿ. ಅದನ್ನ ನನಗೂ ಕೊಡ್ರಿ.”

“ಬೇಕ ಅಂದ್ರ ನಾಳೆ ಕೋಳಿ ಕೂಗೂದರಾಗ ಅಡಗಿ ಮನಿಗೆ ಬಾ.”

ಮಂತ್ರ ಸಿಗುತ್ತದೆ ಎಂದಮೇಲೆ ನಿದ್ದೆ ಎಲ್ಲಿಯದು? ಮರುದಿನ ಮೊದಲ ಕೋಳಿಗೇ ನೀಲಪ್ಪ ಎದ್ದ. ಮಂತ್ರ ಪಡೆಯುವವನು ಮಡಿಯಲ್ಲಿರಬೇಕಲ್ಲ! ಆ ಮಂಜಿನಲ್ಲೇ ಹೊಳೆಗಿಳಿದು ಮೂರು ಮುಳುಗು ಹಾಕಿದ. ಒದ್ದೆ ಧೋತರದಲ್ಲೇ, ಹಲ್ಲು ಕಟಕಟ ಅನ್ನಿಸುತ್ತ, ಕುಂಟುತ್ತ ಅಡಿಗೆಮನೆಯ ಬಾಗಿಲಿಗೆ ಬಂದ.

ಒಲೆ ಉರಿಯುತ್ತಿತ್ತು. ಅಜ್ಜ ಕಂಬಳಿ ಹೊದ್ದು ಅದರ ಮಗ್ಗುಲಲ್ಲಿ ಕೂತಿದ್ದರು. ಮೊಣಕಾಲ ಮೇಲೆ ಹುರಿದ ಉಸುಕನ್ನು ಬಟ್ಟೆಯಲ್ಲಿ ಕಟ್ಟಿದ ಬಿಸಿ ಗಂಟು. ಅಂಗೈ ತುಂಬ ಎಳ್ಳೆಣ್ಣೆ. ಬೆರಳುಗಳನ್ನು ಒಂದೊಂದಾಗಿ ಮಡಚುತ್ತಿದ್ದರು, ಬಿಚ್ಚುತ್ತಿದ್ದರು.

ಆ ಬೆರಳುಗಳು ಒಣಶುಂಠಿಯಂತೆ ಸೊಟ್ಟಗಿದ್ದವು. ಹನ್ನೆರಡು ವರ್ಷ ನೀಲಪ್ಪ ಆ ಕೈಯ ಕೆಲಸ ನೋಡಿದ್ದನೇ ಹೊರತು ಕೈಯನ್ನು ನೋಡಿರಲಿಲ್ಲ.

ಅಜ್ಜನ ತುಟಿ ಏನನ್ನೋ ಗುನುಗುತ್ತಿತ್ತು. ಮಂತ್ರವೇ ಇರಬೇಕು ಎಂದು ನೀಲಪ್ಪ ಕಿವಿಗೊಟ್ಟ.

“ಏಳಪ್ಪಾ, ಏಳು. ಅವಸರಿಲ್ಲ. ನಿನ್ನೆ ಎದ್ದಿದ್ದಿ, ಇವತ್ತೂ ಏಳತಿ. ನೀ ಎದ್ದ ಮ್ಯಾಲೆ ನಾ ಏಳತೇನಿ.”

ಅಜ್ಜ ಮಾತಾಡುತ್ತಿದ್ದದ್ದು ತಮ್ಮ ಮೊಣಕಾಲಿನ ಜೊತೆ.

“ಅಜ್ಜಾರ, ನಿಮಗೂ ನೋವೇನ್ರಿ?”

“ಹೂಂ.”

“ಯಾವಾಗಿಂದ?”

“ನೀ ಇಲ್ಲಿಗೆ ಬರೂಕಿಂತ ಮೊದ್ಲಿಂದ.”

“ಒಂದ ದಿನಾನೂ ಹೇಳಲಿಲ್ಲಲ್ರಿ.”

“ಬಾಗಲಾ ಯಾವತ್ತೂ ಹಾಕಿಲ್ಲ. ಈ ಹೊತ್ತಿನಾಗ ನೀವೆಲ್ಲಾ ಜಳಕಕ್ಕ ಹೊಳೀಗೆ ಓಡತೀರಿ.”

ನೀಲಪ್ಪ ತಲೆ ತಗ್ಗಿಸಿ ಒಲೆಯ ಹತ್ತಿರ ಬಂದ. ಅಜ್ಜ ಉಸುಕಿನ ಗಂಟನ್ನು ಎತ್ತಿ ಅವನ ಎರಡೂ ಕೈಯೊಳಗಿಟ್ಟರು. ಕಾವು ಬೆರಳಿನಿಂದ ಮಣಿಕಟ್ಟಿಗೆ ಏರಿತು. ಎಷ್ಟು ದಿನದ ಮೇಲೋ ಅವನಿಗೆ ಹಾಯೆನಿಸಿತು. ಕಿರುಬೆರಳು ಮೊದಲು ಬಿಚ್ಚಿತು, ಆಮೇಲೆ ಅದರ ಪಕ್ಕದ್ದು.

“ಇದರಿಂದ ನೋವು ಹೋಗತೈತೇನ್ರಿ?”

“ಬಿಸಿಲ ಏರೂದರಾಗ ಅರ್ಧಾ ಹೋಗತೈತಿ. ಉಳದದ್ದು ನನ್ನ ಜೋಡಿ ಕೂತು ಹಗ್ಗಾ ಹೊಸೀತೈತಿ.”

“ದೋಣಿ ಹಗ್ಗಾ ಹಾಳ ಮಾಡೇನಲ್ರಿ.”

“ಕೂಡೇ ಹೊಸೂಣು. ಬೆರಳು ಕಾದ ಮ್ಯಾಲೆ, ಸಾವಕಾಶ.”

“ಸಂಜೀಕ ಗಂಟು ಬಿಚ್ಚಾಕ ಬರದಿದ್ರ?”

“ನನ್ನ ಕರಿ.”

“ನಿಮಗೂ ಬರದಿದ್ರ?”

“ಇಬ್ಬರೂ ಕೂಡಿ ಮತ್ತೊಬ್ಬರನ್ನ ಕರಿಯೂಣು.”

ನೀಲಪ್ಪನಿಗೆ ನಗು ಬಂತು. ನಗುವಿನ ಜೊತೆಗೆ ಮೈಯೆಲ್ಲ ಗಡಗಡ ನಡುಗಿತು. ಧೋತರದಿಂದ ತೊಟ್ಟಿಕ್ಕಿದ ನೀರು ಹೊಸ್ತಿಲಲ್ಲಿ ನಿಂತಿತ್ತು. ಅಜ್ಜ ಅದನ್ನು ನೋಡಿದರು, ಶಿಷ್ಯನ ನೀಲಿಗಟ್ಟಿದ ತುಟಿಯನ್ನು ನೋಡಿದರು. ಹೊದ್ದಿದ್ದ ಕಂಬಳಿಯ ಒಂದು ಅಂಚನ್ನು ಆಚೆ ಹಾಸಿದರು.

“ಮೊದ್ಲ ಹೋಗಿ ಒಣಾ ಧೋತರ ಉಟ್ಟು ಬಾ. ಒಲಿಗೆ ಇನ್ನೊಂದು ಮಗ್ಗಲಾ ಐತಿ ತಮ್ಮಾ, ಹನ್ನೆರಡು ವರ್ಷದಿಂದ ಖಾಲಿನ ಐತಿ.”