ಮೊಂಡೊ ಬಾರಿಸುವವನ ಬೆನ್ನ ಹಿಂದೆ

ಆಫ್ರಿಕದ ನಡುನಾಡಿನಲ್ಲಿ, ಚಂಬೇಶಿ ನದಿಯ ದಂಡೆಯ ಮೇಲೆ, ಬೆಂಬಾ ಜನರ ಹಳ್ಳಿಯೊಂದರಲ್ಲಿ ಮುತೋಬಾ ಎಂಬ ಹಾಡುಗಾರನಿದ್ದ.

ಆ ಜನಕ್ಕೆ ಹಾಡಿಲ್ಲದ ಕೆಲಸವಿಲ್ಲ. ರಾಗಿ ಬೀಸುವ ಹೆಂಗಸರಿಗೆ ಒಂದು ಹಾಡು, ಬೇಟೆಗೆ ಹೊರಟ ಗಂಡಸರಿಗೆ ಒಂದು, ಮದುವೆಗೆ ನಿಂತ ಹುಡುಗಿಗೆ ಬುದ್ಧಿ ಹೇಳಲು ಹಲವು. ಒಂದೊಂದಕ್ಕೂ ಅದರದೇ ವಾದ್ಯ. ಒಡೆಯನನ್ನು ಹೊಗಳುವ ಹಾಡಿಗೆ ಮಾತ್ರ ಮೊಂಡೊ.

ಮೊಂಡೊಗೆ ಚರ್ಮವಿಲ್ಲ. ಮರದ ದಿಮ್ಮಿಯ ಮೈಮೇಲೆ ಉದ್ದಕ್ಕೆ ಒಂದು ಸೀಳು ಬಿಟ್ಟು, ಆ ಸೀಳಿನಿಂದಲೇ ಒಳಗನ್ನೆಲ್ಲ ಕೊರೆದು ತೆಗೆದಿರುತ್ತಾರೆ. ಸೀಳಿನ ಒಂದು ಅಂಚು ದಪ್ಪ, ಇನ್ನೊಂದು ತೆಳು. ದಪ್ಪ ಅಂಚಿಗೆ ಕೋಲು ಬಿದ್ದರೆ ತಗ್ಗಿನ ದನಿ, ತೆಳು ಅಂಚಿಗೆ ಬಿದ್ದರೆ ಏರುದನಿ. ಬೆಂಬಾ ಮಾತಿನಲ್ಲೂ ಅದೇ ಏರಿಳಿತವಿದೆ. ಹಾಗಾಗಿ ಬಲ್ಲವನು ಬಾರಿಸಿದರೆ ದಿಮ್ಮಿ ಮಾತಾಡುತ್ತದೆ. ಹೊಲದಾಚೆ ಇದ್ದವರಿಗೂ ಪದ ಪದ ತಿಳಿಯುತ್ತದೆ.

ಮೊಂಡೊ ಬಾರಿಸುವ ಮುನ್ನ, ತನಗಿಂತ ಮುಂಚೆ ಆ ಕೋಲು ಹಿಡಿದವರ ಹೆಸರನ್ನೆಲ್ಲ ಹಾಡಬೇಕೆಂಬುದು ಕಟ್ಟಳೆ. ಮುತೋಬಾ ಹನ್ನೊಂದು ಹೆಸರು ಹಾಡುತ್ತಿದ್ದ. ಅವನ ಕಾಲ ಮುಗಿದ ಮೇಲೆ ಹನ್ನೆರಡನೆಯದು ಅವನದು.

ಹದಿಮೂರನೆಯ ಹೆಸರು ತನ್ನದಾಗಬೇಕು ಎಂಬುದು ಅವನ ಮಗ ಚಿಸಾಂಗಾನ ಆಸೆ. ಆ ಆಸೆಯೊಂದನ್ನು ಕಳೆದರೆ ಅವನ ಬದುಕಿನಲ್ಲಿ ಉಳಿಯುವಂಥದ್ದು ಏನೂ ಇರಲಿಲ್ಲ.

ಏಳನೆಯ ವಯಸ್ಸಿಗೆ ಅಪ್ಪ ಅವನ ಕೈಗೆ ಕೋಲು ಕೊಟ್ಟು, "ಕಲಿ" ಎಂದಿದ್ದ. ಅಷ್ಟೇ. ಈಗ ಅವನಿಗೆ ಮೂವತ್ತೊಂದು. ಮದುವೆಯಾಗಲಿಲ್ಲ. ಗಣಿಯೂರಿನಲ್ಲಿ ಕೆಲಸವಿದೆ ಬಾ ಎಂದು ಜೊತೆಯವರು ಕರೆದರು, ಹೋಗಲಿಲ್ಲ.

ಅಪ್ಪ ಬಾರಿಸುವಾಗ ಚಿಸಾಂಗಾ ಅವನ ಬೆನ್ನ ಹಿಂದೆ ಕೂರುತ್ತಿದ್ದ. ಅಲ್ಲಿ ಅವನಿಗೆ ಒಂದೇ ಕೆಲಸ. ಬದುಕಿರುವ ಒಡೆಯನಿಗೆ ಐದು ಬಿರುದು. ಆರನೆಯದು ಸತ್ತ ಒಡೆಯರಿಗೆ ಮಾತ್ರ. ಐದನೆಯದು ಮುಗಿಯುವ ಹೊತ್ತಿಗೆ ಕೋಲು ಇಳಿಜಾರಿನಲ್ಲಿ ಓಡುವವನ ಕಾಲಿನಂತೆ ತಾನಾಗಿಯೇ ಆರಕ್ಕೆ ಜಾರುತ್ತದೆ. ಸರಿಯಾಗಿ ಆ ಗಳಿಗೆಯಲ್ಲಿ ಹಿಂದೆ ಕೂತವನು ಬಾರಿಸುವವನ ಬೆನ್ನು ಮುಟ್ಟಬೇಕು. ಕೋಲು ನಿಲ್ಲುತ್ತದೆ.

ತನಗೆ ಲೆಕ್ಕ ಕಲಿಸಲೆಂದೇ ಅಪ್ಪ ಈ ಪಾಠ ಇಟ್ಟಿದ್ದಾನೆ ಎಂದು ಚಿಸಾಂಗಾ ತಿಳಿದಿದ್ದ. ಇಪ್ಪತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಆ ವರ್ಷ ಮುತೋಬಾನ ಬೆರಳುಗಳು ಮಡಚಲಾರದಾದವು.

ಚಿಸಾಂಗಾ ಕೇಳಿದ, "ಅಪ್ಪ, ನಿಮ್ಮ ನಂತರ ಕೋಲು ಯಾರ ಕೈಗೆ?"

ಮುತೋಬಾ ನದಿಯ ಕಡೆ ನೋಡುತ್ತ ಹೇಳಿದ, "ನಾಳೆ ಪಟ್ಟಣಕ್ಕೆ ಹೋಗಿ ಕಪಾಸಾನನ್ನು ಕರೆದುಕೊಂಡು ಬಾ."

ಕಪಾಸಾ ಮುತೋಬಾನ ತಂಗಿ ಮ್ವಾಪೆಯ ಮಗ. ಪಟ್ಟಣದಲ್ಲಿ ಸೈಕಲ್ ರಿಪೇರಿ ಮಾಡಿಕೊಂಡಿದ್ದವನು.

ಬೆಂಬಾ ಜನರದು ಅಳಿಯಸಂತಾನ. ಅಪ್ಪನ ಹೆಸರಾಗಲಿ ಬಿಲ್ಲಾಗಲಿ ಮಗನಿಗೆ ಬರುವುದಿಲ್ಲ, ಸೋದರಳಿಯನಿಗೆ ಹೋಗುತ್ತದೆ. ಇದು ಚಿಸಾಂಗಾನಿಗೆ ತಿಳಿಯದ್ದೇನಲ್ಲ. ಬಿಲ್ಲನ್ನು ಗೋಡೆಗೆ ನೇತುಹಾಕಬಹುದು, ಆದರೆ ಕೋಲು ಹಿಡಿದವನು ಬಾರಿಸಲೇಬೇಕಲ್ಲ, ಬಾರಿಸಲು ಬಾರದವನಿಗೆ ಯಾರು ಕೊಡುತ್ತಾರೆ ಎಂಬುದು ಅವನ ಧೈರ್ಯ.

ಮರುದಿನ ಹೋಗಿ ಕರೆದುಕೊಂಡು ಬಂದ.

ಕಪಾಸಾ ಸಕ್ಕರೆಯ ಪೊಟ್ಟಣ ಹಿಡಿದುಕೊಂಡು ನಗುತ್ತಲೇ ಬಂದ. ಕೆಟ್ಟವನಲ್ಲ. ಅದೇ ಚಿಸಾಂಗಾನಿಗೆ ಹೆಚ್ಚು ಉರಿದದ್ದು.

"ಭಾವ, ನನಗೆ ಟೈರಿನ ಗಾಳಿ ಹೋದ ಶಬ್ದ ಬಿಟ್ಟು ಬೇರೆ ಶಬ್ದ ಗೊತ್ತಿಲ್ಲ. ಮಾವ ಯಾಕೆ ಕರೆಸಿದರೋ!"

"ಬಾರಿಸಿ ನೋಡು, ಗೊತ್ತಾಗುತ್ತದೆ" ಎಂದ ಚಿಸಾಂಗಾ.

ಮುತೋಬಾ ಕಪಾಸಾನನ್ನು ಮೊಂಡೊದ ಮುಂದೆ ಕೂರಿಸಿದ. ಮಗನನ್ನು ಅವನ ಹಿಂದೆ ಕೂರಿಸಿದ. ತಾನು ಎದುರಿಗೆ ಕೂತ.

ಕಪಾಸಾ ಕೋಲು ಎತ್ತಿ ಬಡಿದ. ಮರದ ಮೇಲಿದ್ದ ಹಕ್ಕಿಗಳೆಲ್ಲ ಎದ್ದು ಹಾರಿದವು.

"ಒಡೆಯನಿಗೆ ಅಲ್ಲದಿದ್ದರೂ ಹಕ್ಕಿಗೆ ಅರ್ಥವಾಯಿತಲ್ಲ ಭಾವ!"

ಚಿಸಾಂಗಾ ನಗಲಿಲ್ಲ. "ಅಪ್ಪ, ಇವನು ದಪ್ಪ ಅಂಚಿಗೂ ತೆಳು ಅಂಚಿಗೂ ವ್ಯತ್ಯಾಸ ಅರಿಯದವನು."

"ಹೌದು."

"ಸುಗ್ಗಿಗೆ ಒಡೆಯ ಬರುತ್ತಾನೆ. ಎರಡೇ ತಿಂಗಳು ಉಳಿದಿದೆ."

"ಹೌದು. ಅದಕ್ಕೇ ನೀನು ಅವನಿಗೆ ಕಲಿಸು."

ಚಿಸಾಂಗಾ ಎದ್ದು ನೇರವಾಗಿ ಅತ್ತೆಯ ಅಂಗಳಕ್ಕೆ ಹೋದ. ಮ್ವಾಪೆ ರಾಗಿ ಕೇರುತ್ತಿದ್ದಳು.

"ಅತ್ತೆ, ನೀವೇ ಹೇಳಿ. ನಿಮ್ಮ ಮಗ ಒಡೆಯನ ಮುಂದೆ ಕೂತು ಬಾರಿಸಬಲ್ಲನೇ?"

ಮ್ವಾಪೆ ಮೊರ ನಿಲ್ಲಿಸಲಿಲ್ಲ. "ನನ್ನ ಮಗನಿಗೆ ಕೈ ಬಾರದಿರಬಹುದು. ಅವನು ಯಾರ ಹೊಟ್ಟೆಯಲ್ಲಿ ಹುಟ್ಟಿದವನು ಎಂಬುದು ಊರಿಗೆ ಗೊತ್ತು. ನಿನ್ನ ತಾಯಿ ಬೇರೆ ಬಳಿಯವಳು, ಬೇರೆ ಕುಲದವಳು. ಆ ಮೊಂಡೊಗೆ ನೀನು ನೆಂಟ, ಮನೆಯವನಲ್ಲ."

"ಇಪ್ಪತ್ತನಾಲ್ಕು ವರ್ಷ ಕಲಿತಿದ್ದೇನೆ, ಅತ್ತೆ."

"ಒಳ್ಳೆಯದಾಯಿತು. ಕಂಕೊಬೆಲೆ ಕೊಂಡುಕೋ."

ಕಂಕೊಬೆಲೆ ಎಂದರೆ ಅಂಗೈಯಗಲದ ಹಲಗೆಗೆ ಕಬ್ಬಿಣದ ಕಡ್ಡಿ ಬಿಗಿದ ವಾದ್ಯ. ದಾರಿ ಸವೆಯಲೆಂದು ನಡೆಯುವವರು ಹೆಬ್ಬೆರಳಲ್ಲಿ ಮೀಟಿಕೊಂಡು ಹೋಗುತ್ತಾರೆ.

"ಅದಕ್ಕೆ ಯಾವ ಬಳಿಯ ಅಪ್ಪಣೆಯೂ ಬೇಡ" ಎಂದಳು ಮ್ವಾಪೆ. "ನುಡಿಸಿಕೊಂಡು ನಡೆ. ದಾರಿ ಉದ್ದ ಇದೆ."

ಚಿಸಾಂಗಾ ಮರಳಿ ಬಂದ. ಮುತೋಬಾ ಕೇಳಿದ, "ಏನು ಹೇಳಿದಳು?"

"ಏನೂ ಇಲ್ಲ."

"ಹಾಗಾದರೆ ಕೂತುಕೋ."

ಅವನು ಕೂತ. ಕಲಿಸಿದ. ಎರಡು ತಿಂಗಳು ಕಪಾಸಾನ ಮಣಿಕಟ್ಟು ಹಿಡಿದು ಏರು, ತಗ್ಗು, ಏರು ಎಂದು ತಿದ್ದಿದ. ಕಪಾಸಾ ಹಾಗೂ ಹೀಗೂ ಐದು ಬಿರುದನ್ನು ಕಲಿತ. ಆರನೆಯದನ್ನೂ ಕಲಿಯಬೇಕಾಯಿತು, ಯಾಕೆಂದರೆ ಒಡೆಯರು ಸಾಯುತ್ತಾರೆ. ಆದರೆ ಎಲ್ಲಿ ನಿಲ್ಲಬೇಕು ಎಂಬುದೊಂದು ಮಾತ್ರ ಅವನ ತಲೆಗೆ ಹತ್ತಲಿಲ್ಲ.

"ಭಾವ, ನೀನು ಹಿಂದೆ ಇರುತ್ತೀಯಲ್ಲ, ಮುಟ್ಟು. ನಿಲ್ಲುತ್ತೇನೆ. ಎತ್ತಿನ ಹಾಗೆ."

ಆ ಮಾತು ಕೇಳಿದಾಗಲೇ ಚಿಸಾಂಗಾನ ಮನಸ್ಸಿನಲ್ಲಿ ಒಂದು ಯೋಚನೆ ಮೊಳೆಯಿತು. ಅವನು ಅದನ್ನು ಕೀಳಲಿಲ್ಲ.

ಸುಗ್ಗಿ ಬಂತು. ಹೊಸ ರಾಗಿಯ ಹೆಂಡ ರುಚಿ ನೋಡಲು ಒಡೆಯ ಹಳ್ಳಿಗೆ ಬಂದ. ಮರದ ನೆರಳಿನಲ್ಲಿ ಅವನ ಪೀಠ ಹಾಕಿದರು. ಸುತ್ತ ಹಿರಿಯರು ಕೂತರು. ಹೆಂಗಸರು ನಾಲಿಗೆ ಹೊರಳಿಸಿ ಕೇಕೆ ಹಾಕಿದರು. ಮಧ್ಯಾಹ್ನದ ಬಿಸಿಲು.

ಕಪಾಸಾ ಹೊಸ ಬಟ್ಟೆ ಉಟ್ಟು ಮೊಂಡೊದ ಮುಂದೆ ಕೂತ. ಬೆನ್ನು ಬೆವೆತಿತ್ತು. ಹನ್ನೊಂದು ಹೆಸರು ಹಾಡಿದ. ಮುತೋಬಾ ಬದುಕಿದ್ದರೂ ಕೋಲು ಬಿಟ್ಟುಕೊಟ್ಟವನಾದ್ದರಿಂದ ಅವನ ಹೆಸರನ್ನೂ ಹಾಡಿದ. ಹನ್ನೆರಡು.

ಒಂದನೆಯ ಬಿರುದು ಚೆನ್ನಾಗಿ ಬಂತು. ಎರಡನೆಯದು, ಮೂರನೆಯದು. ನಾಲ್ಕನೆಯದರಲ್ಲಿ ಸ್ವಲ್ಪ ತಡವರಿಸಿದ, ಯಾರಿಗೂ ತಿಳಿಯಲಿಲ್ಲ. ಐದನೆಯದು ಓಡತೊಡಗಿತು.

ಚಿಸಾಂಗಾ ತನ್ನ ಕೈಯನ್ನು ಮಂಡಿಯ ಮೇಲೆ ಇಟ್ಟುಕೊಂಡೇ ಕೂತ.

ಕೋಲು ಆರಕ್ಕೆ ಜಾರಿತು. *ಮಣ್ಣು ಹೊದ್ದು ಮಲಗಿದವನೇ* ಎಂದು ಮೊಂಡೊ ಬದುಕಿರುವ ಒಡೆಯನಿಗೆ, ಊರಿಗೆಲ್ಲ ಕೇಳುವಂತೆ, ಸ್ಪಷ್ಟವಾಗಿ ಹೇಳಿತು.

ಕೇಕೆ ನಿಂತಿತು. ಒಡೆಯ ಬಾಯಿಗೆ ಒಯ್ದಿದ್ದ ಸೋರೆಬುರುಡೆಯನ್ನು ಕೆಳಗಿಟ್ಟ.

ಕಪಾಸಾ ತಿರುಗಿ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. "ಭಾವ?" ಎಂದ, ಅಷ್ಟೇ.

ಯಾರೂ ಏಳುವ ಮುನ್ನ ಮುತೋಬಾ ಎದ್ದ. ಒಡೆಯನ ಮುಂದೆ ಹೋಗಿ, ಆ ಜನ ತಮ್ಮ ದೊರೆಗೆ ತಲೆಬಾಗುವ ರೀತಿಯಲ್ಲಿ, ಧೂಳಿನಲ್ಲಿ ಬೆನ್ನು ಕೆಳಗಾಗಿ ಮಲಗಿ ಚಪ್ಪಾಳೆ ತಟ್ಟಿದ. ಮಡಚಲಾರದ ಬೆರಳುಗಳ ಚಪ್ಪಾಳೆ. ಎಡಕ್ಕೆ ಹೊರಳಿದ, ತಟ್ಟಿದ. ಬಲಕ್ಕೆ ಹೊರಳಿದ, ತಟ್ಟಿದ. ಎಷ್ಟು ಹೊತ್ತಾದರೂ ಯಾರೂ ಅವನಿಗೆ ಏಳು ಎನ್ನಲಿಲ್ಲ.

ಚಿಸಾಂಗಾ ನೋಡಲಾರದೆ ನದಿಯ ದಂಡೆಗೆ ಹೋದ.

ಅಲ್ಲಿ ಕಾದ. ಅವನಿಗೆ ನಾಚಿಕೆಯಾಗಿತ್ತು, ಅದು ನಿಜ. ಆದರೆ ನಾಚಿಕೆಯ ಕೆಳಗೆ ಆಸೆ ಇತ್ತು. ಕಪಾಸಾ ಏನೆಂಬುದನ್ನು ಎಲ್ಲರೂ ಕಿವಿಯಾರೆ ಕೇಳಿದರಲ್ಲ. ಇನ್ನು ಅವರಿಗೆ ಬೇರೆ ದಾರಿ ಎಲ್ಲಿದೆ?

ಬಿಸಿಲು ಇಳಿಯುವ ಹೊತ್ತಿಗೆ ಮುತೋಬಾ ಬಂದ. ಬೆನ್ನಿನ ತುಂಬ ಕೆಂಪು ಧೂಳು. ಮಗನ ಪಕ್ಕದಲ್ಲಿ ಕಷ್ಟಪಟ್ಟು ಕೂತ.

"ಹಿರಿಯರು ಏನೆಂದರು?"

"ಹಿಂದೆ ಕೂತಿದ್ದವನು ಯಾರು ಎಂದು ಕೇಳಿದರು."

"ನೀವು?"

"ನನ್ನ ಮಗ ಎಂದೆ. ಅವನ ಕೈಯಲ್ಲಿ ಮೊಂಡೊ ಮಾತಾಡಿದ ಹಾಗೆ ನನ್ನ ಕೈಯಲ್ಲಿ ಎಂದೂ ಮಾತಾಡಿಲ್ಲ ಎಂದೆ."

ಇಪ್ಪತ್ತನಾಲ್ಕು ವರ್ಷದಲ್ಲಿ ಅಪ್ಪ ಹೊಗಳಿದ್ದು ಅದೇ ಮೊದಲು.

"ಅದಕ್ಕೆ ಅವರು?"

"ಅಷ್ಟು ಬಲ್ಲವನಾದರೆ ಬೆನ್ನು ಮುಟ್ಟಲು ಯಾಕೆ ಮರೆತ ಎಂದರು. ಮುಂದಿನ ಸಲ ಸರಿಯಾಗಿ ಒಂದು ಗುದ್ದು ಕೊಡಲಿ ಎಂದರು."

"ಮತ್ತೆ ಕಪಾಸಾ?"

"ಕೋಲು ಅವನದೇ. ಅವನನ್ನು ಯಾರೂ ಬೈಯಲಿಲ್ಲ. ಮುಂದೆ ಕೂತವನು ತಪ್ಪುವುದಿಲ್ಲ. ತಪ್ಪುವವನು ಹಿಂದೆ ಇರುತ್ತಾನೆ."

"ನಾನು ಮರೆಯಲಿಲ್ಲ, ಅಪ್ಪ."

"ಗೊತ್ತು. ನಿನ್ನ ಕೈ ಮಂಡಿಯ ಮೇಲಿತ್ತು. ನೋಡಿದೆ."

"ನೋಡಿಯೂ ನೀವು ಹೋಗಿ ಧೂಳಿನಲ್ಲಿ ಮಲಗಿದಿರಿ."

"ಯಾರಾದರೂ ಮಲಗಬೇಕಿತ್ತು. ನಿನಗೆ ಹೊಳೆಯಲಿಲ್ಲ."

"ಕೊಡಲಾಗದ ಕೋಲನ್ನು ಏಳು ವರ್ಷದ ಮಗುವಿನ ಕೈಗೆ ಯಾಕೆ ಕೊಟ್ಟಿರಿ? ನನಗೂ ಒಂದು ಸೈಕಲ್ ಅಂಗಡಿ ಇರುತ್ತಿತ್ತು. ಹೆಂಡತಿ ಇರುತ್ತಿದ್ದಳು. ಹದಿಮೂರನೆಯ ಹೆಸರು ನನ್ನದಲ್ಲ ಎಂದು ಅಂದೇ ಹೇಳಬಹುದಿತ್ತಲ್ಲ?"

ಮುತೋಬಾ ಮಗನಿಗೆ ಬೆನ್ನು ತಿರುಗಿಸಿ ಕೂತ.

"ಐದನೆಯದರ ಕೊನೆಯನ್ನು ಬಾಯಲ್ಲಿ ಹೇಳು. ನಿನಗೆ ಎಲ್ಲಿ ಮುಟ್ಟಬೇಕೆನಿಸುತ್ತದೋ ಅಲ್ಲಿ ಮುಟ್ಟು."

ಚಿಸಾಂಗಾ ಹೇಳಿದ. ಕೈ ತಾನಾಗಿಯೇ ಎದ್ದು ಧೂಳು ಮೆತ್ತಿದ ಆ ಬೆನ್ನನ್ನು ಮುಟ್ಟಿತು.

"ಅಲ್ಲಿ, ಅಲ್ಲವೇ?" ಎಂದ ಮುತೋಬಾ. "ನಿಲ್ಲಬೇಕಾದ ಜಾಗ ಅಲ್ಲಿದೆ ಎಂದು ನನಗೆ ಇವತ್ತಿಗೂ ತಿಳಿಯುವುದಿಲ್ಲ."

"ನೀವು ನನಗೆ ಕಲಿಸುತ್ತಿದ್ದಿರಿ!"

"ಪದ ಕಲಿಸಿದೆ. ಪೆಟ್ಟು ಕಲಿಸಿದೆ. ಎಲ್ಲಿ ನಿಲ್ಲಬೇಕು ಎಂಬುದನ್ನು ನಿನಗೆ ನಾನು ಕಲಿಸಲಿಲ್ಲ. ನೀನು ಅದನ್ನು ತಿಳಿದೇ ಬಂದಿದ್ದೆ. ನಾನೂ ಸೋದರಳಿಯನೇ, ಚಿಸಾಂಗಾ. ಮಾವನ ಕೋಲು ನನಗೆ ಬಂತು. ಮಾವನಿಗೊಬ್ಬ ಮಗನಿದ್ದ. ಅವನು ಬಾರಿಸಿದರೆ ಮೊಸಳೆ ನೀರಿನಿಂದ ತಲೆ ಎತ್ತಿ ಕೇಳುತ್ತದೆ ಎನ್ನುತ್ತಿದ್ದರು. ಅವನು ನನ್ನ ಹಿಂದೆ ಕೂತ. ಮೂವತ್ತು ವರ್ಷ. ಒಮ್ಮೆಯೂ ಮಂಡಿಯ ಮೇಲೆ ಕೈ ಇಟ್ಟುಕೊಳ್ಳಲಿಲ್ಲ."

"ಆಮೇಲೆ?"

"ಸತ್ತ. ಆ ವಾರವೇ ನಿನ್ನ ಕೈಗೆ ಕೋಲು ಕೊಟ್ಟೆ."

ನದಿಯಲ್ಲಿ ದೋಣಿಯೊಂದು ಹಾದುಹೋಯಿತು. ದೋಣಿಯವರು ಹುಟ್ಟು ಹಾಕುತ್ತ ಹಾಡುತ್ತಿದ್ದರು. ಆ ಹಾಡು ದೂರವಾಯಿತು.

"ಹನ್ನೆರಡು ಹೆಸರಿನಲ್ಲಿ ಅವನದು ಇಲ್ಲ" ಎಂದ ಚಿಸಾಂಗಾ.

"ಇಲ್ಲ."

"ಅವನ ಹೆಸರೇನು, ಅಪ್ಪ?"

ಮುತೋಬಾ ಕೈಯೂರಿ ಎದ್ದು, ಹಳ್ಳಿಯ ಕಡೆ ತಿರುಗಿ ಹೇಳಿದ:

"ಆರು ವರ್ಷ ನನ್ನ ಬೆನ್ನ ಹಿಂದೆ ಅವನ ಮಡಿಲಲ್ಲೇ ಕೂತು, ಅವನು ಸುಲಿದುಕೊಟ್ಟ ನೆಲಗಡಲೆ ತಿಂದವನು ನೀನು. ನೀನೇ ಹೇಳು."

ಚಿಸಾಂಗಾನ ಬಾಯಿಗೆ ನೆಲಗಡಲೆಯ ರುಚಿ ಬಂತು, ಹೆಸರು ಬರಲಿಲ್ಲ.