ನಲವತ್ತು ದಿನದ ಅಳತೆ

“ಗುರುಗಳೇ, ನಿಯಮ ಎಲ್ಲರಿಗೂ ಒಂದೇ ಆಗಿದ್ದರೆ ಅನ್ಯಾಯಕ್ಕೆ ಜಾಗವೆಲ್ಲಿ?”

ಕೇಳಿದವನು ಅರಮನೆಯ ಮೂಲಿಕೆ ತೋಟಕ್ಕೆ ಅಧಿಕಾರಿಯಾಗಿ ಹೊರಟಿದ್ದ ಶಿಷ್ಯ. ಅಲ್ಲಿ ವರ್ಷದ ಕರಾರಿನ ಮೇಲಿದ್ದವರಲ್ಲಿ ಯಾರು ಉಳಿಯಬೇಕು, ಯಾರು ಹೋಗಬೇಕು ಎಂದು ಇನ್ನು ಅವನೇ ತೀರ್ಮಾನಿಸಬೇಕಿತ್ತು. ಗುರು ಒಂದು ಕತೆ ಹೇಳಿದರು.

ಕೆರೆಯ ನೀರು ದಿನಕ್ಕೆಷ್ಟು ಆರುತ್ತದೆ, ಎಷ್ಟು ಇಂಗುತ್ತದೆ ಎಂದು ಒಬ್ಬ ಅರಸನಿಗೆ ತಿಳಿಯಬೇಕಿತ್ತು. ನೀರು ಅಳೆಯಲು ಒಬ್ಬ ಗಂಡಸನ್ನೂ ಒಬ್ಬ ಹೆಂಗಸನ್ನೂ ನೇಮಿಸಿದರು. ಯುಗಾದಿಯಿಂದ ಯುಗಾದಿಗೆ ಕರಾರು. ಮೂರು ವರ್ಷ ಒಂದು ದಿನವೂ ಬಿಡದೆ ಅಳೆದವರಿಗೆ ಕೆಲಸ ಕಾಯಂ; ತಪ್ಪಿದವರು ಮನೆಗೆ.

ಮೂಡಣ ದಡ ಅವಳದು, ಪಡುವಣ ದಡ ಅವನದು. ಅಳತೆಗೋಲು ಹೂಳಿನ ಮೇಲೆ ನಿಂತು ಲೆಕ್ಕ ತಪ್ಪುತ್ತಿದ್ದುದನ್ನು ಮೊದಲು ಕಂಡವಳು ಅವಳೇ. ಅಂದಿನಿಂದ ಇಬ್ಬರೂ ಕೋಲನ್ನು ತಳ ಮುಟ್ಟಿಸಿ, ಆಮೇಲೆ ಅಳತೆ ಬರೆದುಕೊಳ್ಳುತ್ತಿದ್ದರು.

ಮೂರನೆಯ ವರ್ಷ ಅವಳಿಗೆ ಮಗುವಾಯಿತು. ನಲವತ್ತು ದಿನ ಕೆರೆಗೆ ಬರಲಿಲ್ಲ. ಅದೇ ವಾರ ಅವನ ಮನೆಯಲ್ಲೂ ಮಗು ಹುಟ್ಟಿತು. ಅವನು ಒಂದು ದಿನವೂ ತಪ್ಪಿಸಲಿಲ್ಲ. ನಾಮಕರಣದ ದಿನವೂ ಅಳತೆ ಮುಗಿಸಿಯೇ ಊಟಕ್ಕೆ ಹೋದ.

ಯುಗಾದಿಗೆ ಅರಸನ ಅಧಿಕಾರಿ ಇಬ್ಬರ ಪುಸ್ತಕವನ್ನೂ ತೆರೆದ. ಹೆಂಗಸಿನ ಕಡೆ ತಿರುಗಿ, “ನಲವತ್ತು ಸಾಲು ಖಾಲಿ. ನೀವು ಬಾಣಂತಿ ಎಂದು ಕೆರೆ ಆರುವುದನ್ನು ನಿಲ್ಲಿಸುತ್ತದೆಯೇ, ತಾಯಿ?” ಎಂದ.

“ಸ್ವಾಮಿ, ತಳ ನೋಡದೆ ಬರೆದ ಅಳತೆಯನ್ನು ನೀವು ಒಪ್ಪುತ್ತೀರಾ?”

“ಒಪ್ಪುವುದುಂಟೇ?”

“ನಮ್ಮಿಬ್ಬರನ್ನು ಅಳೆಯುವ ಮುಂಚೆ ತಳ ನೋಡಿದಿರಾ?”

“ಮನೆಯ ಮಾತನ್ನು ಕೆರೆ ದಂಡೆಗೆ ತರಬೇಡಿ. ನಿಯಮ ಇಬ್ಬರಿಗೂ ಒಂದೇ.”

ಅವಳು ಕೋಲನ್ನು ಒರೆಸಿ ಗೋಡೆಗೆ ಒರಗಿಸಿದಳು. ಮಗುವನ್ನೆತ್ತಿಕೊಂಡು ಹೊರಟಳು. ಗಂಡಸಿನ ಕೆಲಸ ಕಾಯಂ ಆಯಿತು.

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಆದರೂ ಆ ಗಂಡಸಿನದೇನು ತಪ್ಪು, ಗುರುಗಳೇ? ದಿನವೂ ಬಂದ, ಅಳೆದ.”

“ಅವನದು ತಪ್ಪೇನಿಲ್ಲ.”

ಶಿಷ್ಯ ಇನ್ನೂ ಸ್ವಲ್ಪ ಯೋಚಿಸಿದ. “ಅವನ ಮನೆಯಲ್ಲೂ ಅಷ್ಟು ಎಳೆಯ ಮಗು ಇತ್ತಲ್ಲ. ಅದನ್ನು ಯಾರು ನೋಡಿಕೊಂಡರು?”

“ಅವನ ಹೆಂಡತಿ,” ಎಂದರು ಗುರು. “ಚೊಚ್ಚಲ ಮಗುವಾದ ವರ್ಷ, ಪಕ್ಕದ ಕೆರೆಯ ಅಳತೆ ಕೆಲಸದಿಂದ ಇದೇ ನಿಯಮ ಮನೆಗೆ ಕಳಿಸಿದ್ದ ಹೆಂಗಸು.”